ಅಂದಾಜಿನಿಂದ ಅಳತೆಗೆ: ಮನೆಯಲ್ಲೇ ಶುಂಠಿ ಶರಬತ್ತು

(ಚಿಕ್ಕಬಾಣಾವರದಲ್ಲಿ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ನಾನು ಆರಿಸಿಕೊಂಡ ವಿಷಯ ಶುಂಠಿ ಶರಬತ್ತು ಎಂದು ತಿಳಿದಾಗ ಕೆಲವರು ನಕ್ಕರು. ಉರ್ದು, ಕನ್ನಡ ಪಾಠ ಹೇಳುವವರಿಗೆ ಅಡುಗೆಮನೆಯ ಉಸಾಬರಿ ಏಕೆ ಎಂದು ಕೇಳಿದರು. ಕಾರಣವಿದೆ. ನಾವು ಮಕ್ಕಳಿಗೆ ವಿಜ್ಞಾನ, ಗಣಿತ, ಭಾಷೆ, ಇತಿಹಾಸ ಎಂದು ನಾಲ್ಕು ಪುಸ್ತಕಗಳನ್ನು ಬೇರೆ ಬೇರೆ ಕೊಡುತ್ತೇವೆ. ಆದರೆ ಮನೆಯ ಒಲೆಯ ಮೇಲೆ ಈ ನಾಲ್ಕೂ ಒಂದೇ ಪಾತ್ರೆಯಲ್ಲಿ ಬೇಯುತ್ತಿರುತ್ತವೆ. ಅದನ್ನು ಬೇಯಿಸುವ ತಾಯಿಯನ್ನು ಮಾತ್ರ ನಾವು ವಿದ್ಯಾವಂತರ ಲೆಕ್ಕಕ್ಕೆ ಸೇರಿಸುವುದಿಲ್ಲ. ನನ್ನ ಇಂದಿನ ಮಾತು ಆ ಲೆಕ್ಕದ ಬಗ್ಗೆಯೂ ಹೌದು.

ತರಗತಿಯಲ್ಲಿ ಒಮ್ಮೆ ಒಂದು ಮನೆಗೆಲಸ ಕೊಟ್ಟಿದ್ದೆ. ನಿಮ್ಮ ಅಮ್ಮ ಚೆನ್ನಾಗಿ ಮಾಡುವ ಒಂದು ತಿನಿಸನ್ನೋ ಪಾನೀಯವನ್ನೋ ಅಳತೆಯ ಸಮೇತ ಬರೆದು ತನ್ನಿ ಎಂದು. ಮರುದಿನ ಬಂದ ಪುಸ್ತಕಗಳಲ್ಲಿ ಅಳತೆಯೇ ಇರಲಿಲ್ಲ. ಒಬ್ಬನ ಪುಸ್ತಕದಲ್ಲಿ 'ಸ್ವಲ್ಪ', ಇನ್ನೊಬ್ಬಳ ಪುಸ್ತಕದಲ್ಲಿ 'ಒಂದು ಮುಷ್ಟಿ', ಉಳಿದ ಎಲ್ಲರ ಪುಸ್ತಕದಲ್ಲೂ 'ಅಂದಾಜು'. ಕನ್ನಡದ ಈ 'ಅಂದಾಜು' ಫಾರ್ಸಿಯ 'ಅಂದಾಜಾ'ದಿಂದ ಬಂದ ಪದ. ಎರಡು ಭಾಷೆಯ ತಾಯಂದಿರೂ ಒಂದೇ ಪದದಲ್ಲಿ ಅಡುಗೆ ಮಾಡುತ್ತಾರೆ ಎಂದು ಆ ದಿನ ನಮಗೆ ತಿಳಿಯಿತು.

ಅಂದಾಜು ತಪ್ಪಲ್ಲ. ಇಪ್ಪತ್ತು ವರ್ಷ ಕೈ ಪಳಗಿದ ಮೇಲೆ ಬರುವ ವಿದ್ಯೆ ಅದು. ಆದರೆ ಅದಕ್ಕೊಂದು ಕೊರತೆಯಿದೆ. ಅದು ಆ ಕೈಯೊಂದಿಗೇ ಹೋಗಿಬಿಡುತ್ತದೆ. ಅಜ್ಜಿ ಹೋದ ಮೇಲೆ ಅಜ್ಜಿಯ ಉಪ್ಪಿನಕಾಯಿಯ ರುಚಿ ಯಾರಿಗೂ ಬಾರದೆ ಉಳಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅಂದಾಜನ್ನು ಅಳತೆಗೆ ತಂದು ಬರೆದಿಟ್ಟಾಗ ಮಾತ್ರ ಅದು ಮುಂದಿನವರಿಗೆ ಪಾಠವಾಗುತ್ತದೆ. ಇದಕ್ಕೆ ಶುಂಠಿ ಶರಬತ್ತಿನಷ್ಟು ಸುಲಭದ ಉದಾಹರಣೆ ಬೇರೆ ಇಲ್ಲ. ಸಾಮಾನು ಮೂರೇ: ಶುಂಠಿ, ಸಕ್ಕರೆ, ನಿಂಬೆ. ಅಳತೆ ತಪ್ಪಿದರೆ ಮಾತ್ರ ಮೂರೇ ದಿನದಲ್ಲಿ ಕೆಡುತ್ತದೆ.

ಹೆಸರಿನ ಪಯಣ

ಮೊದಲು ಭಾಷೆಯ ಪಾಠ, ಅದು ನನ್ನ ಕಸುಬು. ಅಂಗಡಿಯ ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ 'ಜಿಂಜರ್ ಸಿರಪ್' ಎಂದು ಬರೆದಿರುತ್ತದೆ. ಮಕ್ಕಳು ಇದನ್ನು ವಿದೇಶಿ ವಸ್ತು ಎಂದುಕೊಳ್ಳುತ್ತಾರೆ. ಪದಗಳ ಬೇರನ್ನು ಕೆದಕಿ ನೋಡೋಣ.

ಸಂಸ್ಕೃತದಲ್ಲಿ ಶುಂಠಿಗೆ 'ಶೃಂಗವೇರ' ಎಂಬ ಹೆಸರಿದೆ. ದ್ರಾವಿಡ ಭಾಷೆಗಳ 'ಇಂಜಿ' ಮತ್ತು 'ವೇರ್', ಅಂದರೆ ನಮ್ಮ ಕನ್ನಡದ 'ಬೇರು', ಇವೆರಡೂ ಕೂಡಿ ಈ ಪದ ಹುಟ್ಟಿತೆಂದು ಭಾಷಾವಿದ್ವಾಂಸರು ಹೇಳುತ್ತಾರೆ. ಈ ಪದ ವ್ಯಾಪಾರಿಗಳ ಜೊತೆ ಇರಾನಿಗೆ ಹೋಯಿತು, ಗ್ರೀಸಿಗೆ ಹೋಗಿ 'ಜಿಂಗಿಬೆರಿಸ್' ಆಯಿತು, ಕೊನೆಗೆ ಇಂಗ್ಲಿಷಿನ 'ಜಿಂಜರ್' ಆಯಿತು. ಅರಬ್ಬಿಯಲ್ಲಿ ಅದೇ 'ಜಂಜಬೀಲ್'. ಪವಿತ್ರ ಕುರ್‌ಆನಿನ 76ನೇ ಅಧ್ಯಾಯದಲ್ಲಿ ಸ್ವರ್ಗದ ಪಾನೀಯವನ್ನು ಹೇಳುವಾಗ ಈ ಪದ ಬರುತ್ತದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು.

ಇನ್ನು 'ಸಿರಪ್'. ಅರಬ್ಬಿಯಲ್ಲಿ 'ಶರಿಬ' ಎಂದರೆ ಕುಡಿದನು ಎಂದರ್ಥ. ಅದರಿಂದ 'ಶರಾಬ್', 'ಶರ್ಬತ್' ಎರಡೂ ಬಂದವು. ಅರಬ್ಬಿಯಲ್ಲಿ ಶರಾಬ್ ಎಂದರೆ ಬರೀ ಪಾನೀಯ. ಅದು ಮದ್ಯ ಎಂಬ ಅರ್ಥಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದು ಫಾರ್ಸಿ, ಉರ್ದುಗಳಲ್ಲಿ. ಇದೇ ಪದ ಲ್ಯಾಟಿನ್ ಮೂಲಕ ಯುರೋಪಿಗೆ ಹೋಗಿ 'ಸಿರಪ್' ಆಯಿತು. ಸಕ್ಕರೆಯೂ ಹಾಗೆಯೇ. ಸಂಸ್ಕೃತದ 'ಶರ್ಕರ' ಫಾರ್ಸಿಯಲ್ಲಿ 'ಶಕರ್', ಅರಬ್ಬಿಯಲ್ಲಿ 'ಸುಕ್ಕರ್', ಇಂಗ್ಲಿಷಿನಲ್ಲಿ 'ಶುಗರ್'. ಹೀಗೆ ಆ ಬಾಟಲಿಯ ಹೆಸರಿನಲ್ಲಿ ಅರ್ಧ ನಮ್ಮ ನೆಲದ್ದು, ಅರ್ಧ ಅರಬ್ಬರದು.

ಉರ್ದುವಿನಲ್ಲಿ ಹಸಿ ಶುಂಠಿ 'ಅದ್ರಕ್', ಒಣಗಿದ್ದು 'ಸೋಂಠ್'. ಮೊದಲನೆಯದು ಸಂಸ್ಕೃತದ 'ಆರ್ದ್ರಕ'ದಿಂದ ಬಂತು, ಆರ್ದ್ರ ಎಂದರೆ ಒದ್ದೆ. ಎರಡನೆಯದು ನಮ್ಮ 'ಶುಂಠಿ'ಯ ಅಣ್ಣತಮ್ಮ. ಉತ್ತರ ಕರ್ನಾಟಕಕ್ಕೆ ಹೋದರೆ ಹಸಿ ಶುಂಠಿಗೆ 'ಅಲ್ಲ' ಎನ್ನುತ್ತಾರೆ. 'ಬಂದರ್ ಕ್ಯಾ ಜಾನೇ ಅದ್ರಕ್ ಕಾ ಸ್ವಾದ್' ಎಂಬ ಉರ್ದು ಗಾದೆ, 'ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ' ಎಂಬ ಕನ್ನಡ ಗಾದೆ, ಎರಡರ ತಾತ್ಪರ್ಯವೂ ಒಂದೇ. ಪಾಠ ಬಾರದ ಹುಡುಗನನ್ನು 'ಶುಂಠ' ಎಂದು ಬೈಯುವ ಮೇಷ್ಟರಿಗೂ ನಾನು ಹೇಳುವುದಿಷ್ಟೇ: ಶುಂಠ ಎನಿಸಿಕೊಂಡವನೂ ಶುಂಠಿಯಿಂದ ಬೇಕಾದಷ್ಟು ಕಲಿಯಬಹುದು.

ಹೊನ್ನಾವರದ ಊಟದ ತಟ್ಟೆ

ಇತಿಹಾಸದ ಒಂದು ಸಂಗತಿಯನ್ನು ಈ ಸಭೆಯಲ್ಲಿ ಹೇಳಲೇಬೇಕು. ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತಾ 1340ರ ದಶಕದಲ್ಲಿ ನಮ್ಮ ಉತ್ತರ ಕನ್ನಡದ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಆಳುತ್ತಿದ್ದ ಜಮಾಲುದ್ದೀನನ ಅತಿಥಿಯಾಗಿದ್ದ. ಅಲ್ಲಿನ ಊಟವನ್ನು ಅವನು ವಿವರವಾಗಿ ಬರೆದಿದ್ದಾನೆ. ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿನಲ್ಲಿಟ್ಟ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು. ಆರುನೂರ ಎಂಬತ್ತು ವರ್ಷಗಳ ಹಿಂದಿನ ಕರಾವಳಿಯ ತಟ್ಟೆಯಲ್ಲಿ ಶುಂಠಿ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅದೇ ಹೊನ್ನಾವರದ ಬಗ್ಗೆ ಅವನು ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ. ಆ ಊರಿನಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು ಇದ್ದವು, ಇಂಥದ್ದನ್ನು ತಾನು ಬೇರೆಲ್ಲೂ ಕಾಣಲಿಲ್ಲ ಎಂದು. ಅರ್ಧ ಜಗತ್ತು ಸುತ್ತಿದವನ ಮಾತು ಇದು. ಹುಡುಗಿಗೆ ಓದೇಕೆ, ಅಡುಗೆ ಬಂದರೆ ಸಾಕು ಎನ್ನುವವರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಶುಂಠಿಯೂ ಶಾಲೆಯೂ ಒಂದೇ ಊರಿನಲ್ಲಿ, ಒಬ್ಬನೇ ಪ್ರವಾಸಿಯ ಕಣ್ಣಿಗೆ ಬಿದ್ದಿದ್ದವು ಎಂದು ಅವರಿಗೆ ತಿಳಿಸಿ.

ಪಾನೀಯ ಮಾಡುವ ವಿದ್ಯೆಯನ್ನು ಬರೆದಿಡುವುದೂ ಕನ್ನಡಕ್ಕೆ ಹೊಸದಲ್ಲ. ಹದಿನಾರನೇ ಶತಮಾನದ ಆರಂಭದ ಕವಿ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಪಾನಕಗಳಿಗೇ ಒಂದು ಅಧ್ಯಾಯವಿದೆ. ರಾಮನವಮಿಯ ದಿನ ಬೆಂಗಳೂರಿನ ಬೀದಿಗಳಲ್ಲಿ ಹಂಚುವ ಬೆಲ್ಲದ ಪಾನಕಕ್ಕೂ ಶುಂಠಿ, ಏಲಕ್ಕಿ ಬೀಳುತ್ತದೆ. ರಂಜಾನಿನ ಇಫ್ತಾರಿನಲ್ಲಿ ನಮ್ಮ ಮನೆಗಳ ಶರಬತ್ತಿಗೂ ಅದೇ ನಿಂಬೆ, ಅದೇ ಶುಂಠಿ. ಬಾಯಾರಿಕೆಗೆ ಪಾತ್ರೆ ಬೇರೆಯಾದರೂ ನೀರು ಒಂದೇ.

ಶುಂಠಿಯ ಆಯ್ಕೆ

ಈಗ ಒಲೆಯ ಹತ್ತಿರ ಬರೋಣ. ಕರ್ನಾಟಕ ದೇಶದ ಪ್ರಮುಖ ಶುಂಠಿ ಬೆಳೆಯುವ ರಾಜ್ಯಗಳಲ್ಲಿ ಒಂದು. ಹಾಸನ, ಕೊಡಗು, ಮೈಸೂರು, ಶಿವಮೊಗ್ಗ, ಹಾವೇರಿ ಜಿಲ್ಲೆಗಳಲ್ಲಿ ಇದು ದೊಡ್ಡ ಬೆಳೆ. 2017ರಲ್ಲಿ ಆರಂಭವಾದ ಹಾಸನದ ನೇರ ರೈಲು ಮಾರ್ಗ ನಮ್ಮ ಚಿಕ್ಕಬಾಣಾವರ ನಿಲ್ದಾಣದಲ್ಲೇ ಕವಲೊಡೆಯುತ್ತದೆ. ಆ ರೈಲು ಹೋಗುವ ಸೀಮೆಯಲ್ಲೇ ಬೆಳೆದ ಶುಂಠಿ ಲಾರಿಗಳಲ್ಲಿ ಬೆಂಗಳೂರಿನ ಮಂಡಿಗಳಿಗೆ ಬಂದು, ಅಲ್ಲಿಂದ ನಮ್ಮ ಹೆಸರಘಟ್ಟ ರಸ್ತೆಯ ತಳ್ಳುಗಾಡಿಗೆ ಬರುತ್ತದೆ.

ರೈತರು ಶುಂಠಿಯನ್ನು 60 ಕಿಲೋ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. 2023ರಲ್ಲಿ ಅದರ ಬೆಲೆ ಹಿಂದೆಂದೂ ಕಾಣದಷ್ಟು ಏರಿತು, ಆಸೆಯಿಂದ ಹೆಚ್ಚು ಜನ ಬೆಳೆದರು, ಆಮೇಲೆ ಬೆಲೆ ಕುಸಿಯಿತು. ಬೆಲೆ ಇಳಿದಾಗ ಕೊಂಡು ಶರಬತ್ತು ಮಾಡಿಟ್ಟುಕೊಂಡರೆ ಬೆಲೆ ಏರಿದಾಗ ಚಿಂತೆಯಿಲ್ಲ. ಬೆಳೆ ಹೆಚ್ಚಾದಾಗ ಅದನ್ನು ಕೆಡದಂತೆ ಕಾಪಿಡುವುದು ಹೇಗೆ ಎಂಬುದೇ ಒಂದು ಶಾಸ್ತ್ರ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರಿಂದ ಮಾಡುತ್ತಿರುವ ಕೆಲಸಗಳಲ್ಲಿ ಇದೂ ಒಂದು. ನಮ್ಮ ರಸ್ತೆಯ ಕೊನೆಗಿರುವ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೊಯ್ಲಿನ ನಂತರದ ತಂತ್ರಜ್ಞಾನಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಮಕ್ಕಳೇ, ಬಸ್ಸಿನ ಕಿಟಕಿಯಿಂದ ಆ ಫಲಕ ನೋಡಿ ಸುಮ್ಮನಾಗಬೇಡಿ. ಅಲ್ಲಿ ಕೆಲಸ ಮಾಡುವ ವಿಜ್ಞಾನಿ ಮುಂದೆ ನಿಮ್ಮಲ್ಲೇ ಒಬ್ಬರಾಗಬಹುದು.

ಶರಬತ್ತಿಗೆ ಮೈ ಗಟ್ಟಿಯಾದ, ಸುಕ್ಕಿಲ್ಲದ, ಮುರಿದರೆ ಟಕ್ಕೆಂದು ಮುರಿಯುವ ಶುಂಠಿ ಬೇಕು. ಎಳೆಯ ಶುಂಠಿಯಲ್ಲಿ ನಾರು ಕಡಿಮೆ, ಖಾರವೂ ಕಡಿಮೆ. ಬಲಿತದ್ದರಲ್ಲಿ ನಾರು, ಖಾರ ಎರಡೂ ಹೆಚ್ಚು. ನಾರನ್ನು ಹೇಗೂ ಸೋಸಿ ಬಿಡುವುದರಿಂದ ಬಲಿತದ್ದೇ ಒಳ್ಳೆಯದು. ಬೂಸ್ಟು ಹಿಡಿದದ್ದು, ಮೆತ್ತಗಾದದ್ದು ಬೇಡ. ಒಂದು ಭಾಗ ಕತ್ತರಿಸಿ ಎಸೆದು ಉಳಿದದ್ದನ್ನು ಹಾಕುವ ಉಳಿತಾಯವೂ ಬೇಡ.

ಮಾಡುವ ಕ್ರಮ

ಬೇಕಾಗುವ ಸಾಮಾನು: ಬಲಿತ ಹಸಿ ಶುಂಠಿ 250 ಗ್ರಾಂ, ನೀರು 750 ಮಿ.ಲೀ., ಸಕ್ಕರೆ 1 ಕಿಲೋ, ನಿಂಬೆಹಣ್ಣು 1, ಚಿಟಿಕೆ ಉಪ್ಪು. ಇಷ್ಟರಿಂದ ಒಂದು ಲೀಟರಿಗಿಂತ ತುಸು ಹೆಚ್ಚು ಶರಬತ್ತಿನ ಪಾಕ ಸಿಗುತ್ತದೆ.

1. ಶುಂಠಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿಡಿ. ಸಂದಿಯ ಮಣ್ಣು ಬಿಡುತ್ತದೆ. ಕವಲುಗಳನ್ನು ಮುರಿದು ತೊಳೆಯಿರಿ. ಸಿಪ್ಪೆಯನ್ನು ಚಮಚದ ಅಂಚಿನಿಂದ ಕೆರೆದರೆ ಸಾಕು. ಚಾಕುವಿನಿಂದ ಹೆರೆದರೆ ಸಿಪ್ಪೆಯ ಕೆಳಗಿನ ಪರಿಮಳದ ಭಾಗವೂ ಹೋಗುತ್ತದೆ.

2. ನಾರಿಗೆ ಅಡ್ಡಲಾಗಿ ತೆಳ್ಳಗೆ ಬಿಲ್ಲೆಗಳಾಗಿ ಕತ್ತರಿಸಿ. ತುರಿದರೆ ಅಥವಾ ರುಬ್ಬಿದರೆ ಖಾರ ಬೇಗ ಇಳಿಯುತ್ತದೆ ನಿಜ, ಆದರೆ ಶುಂಠಿಯ ಹಿಟ್ಟಿನಂಶವೂ ಬಂದು ಪಾಕ ಬಗ್ಗಡವಾಗುತ್ತದೆ.

3. ಸ್ಟೀಲ್ ಪಾತ್ರೆಯಲ್ಲಿ ನೀರಿನೊಂದಿಗೆ ಹಾಕಿ. ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ, ಮುಚ್ಚಳ ಮುಚ್ಚಿ 30 ನಿಮಿಷ ಬೇಯಿಸಿ. ಒಲೆ ಆರಿಸಿ ಇನ್ನರ್ಧ ಗಂಟೆ ಹಾಗೇ ಬಿಡಿ. ಮುಚ್ಚಳ ಮರೆಯಬೇಡಿ. ಶುಂಠಿಯ ಪರಿಮಳ ಆವಿಯೊಂದಿಗೆ ಹಾರಿಹೋಗುವ ತೈಲದಲ್ಲಿದೆ. ಮನೆಯೆಲ್ಲ ಘಮಘಮ ಎಂದರೆ ಬಾಟಲಿಯೊಳಗೆ ಅಷ್ಟು ಕಡಿಮೆ ಎಂದರ್ಥ.

4. ತೆಳುವಾದ ಬಿಳಿ ಬಟ್ಟೆಯಲ್ಲಿ ಸೋಸಿ. ಕಾಲು ಗಂಟೆ ಅಲುಗಿಸದೆ ಇಟ್ಟರೆ ತಳದಲ್ಲಿ ಬಿಳಿ ಹಿಟ್ಟು ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ.

5. ಇಲ್ಲಿ ಅಳತೆ. ತಿಳಿ ಕಷಾಯ ಸರಿಯಾಗಿ 500 ಮಿ.ಲೀ. ಇರಬೇಕು. ಕಡಿಮೆಯಾದರೆ ಕುದಿಸಿದ ನೀರು ಸೇರಿಸಿ, ಹೆಚ್ಚಾದರೆ ಕುದಿಸಿ ಇಳಿಸಿ. ಇದಕ್ಕೆ 1 ಕಿಲೋ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಪೂರ್ತಿ ಕರಗಿದ ಮೇಲೆ ಒಂದು ಕುದಿ ಬರಿಸಿ, ಮೂರು ನಿಮಿಷ ಸಾಕು. ಮೇಲೆ ಬರುವ ನೊರೆಯನ್ನು ತೆಗೆಯಿರಿ. ಒಂದೆಳೆ ಪಾಕ ಬರುವ ತನಕ ಕಾಯಬೇಡಿ. ಅದು ಸಿಹಿತಿಂಡಿಗೆ ಸರಿ, ಶರಬತ್ತಿಗಲ್ಲ. ಹೆಚ್ಚು ಕುದಿಸಿದರೆ ನಾಲ್ಕು ದಿನದಲ್ಲಿ ತಳದಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ.

6. ಇಳಿಸುವ ಮುಂಚೆ ನಿಂಬೆರಸವನ್ನು ಬೀಜವಿಲ್ಲದಂತೆ ಸೋಸಿ ಹಾಕಿ, ಒಮ್ಮೆ ಕೈಯಾಡಿಸಿ. ಹುಳಿಯಿಂದ ಸ್ವಲ್ಪ ಸಕ್ಕರೆ ಒಡೆದು ಎರಡು ಸರಳ ಸಕ್ಕರೆಗಳಾಗುತ್ತದೆ, ಹರಳುಗಟ್ಟುವುದು ಕಡಿಮೆಯಾಗುತ್ತದೆ.

7. ಗಾಜಿನ ಬಾಟಲಿಯನ್ನು ಮುಂಚೆಯೇ ತೊಳೆದು, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒಂದು ಹನಿ ನೀರೂ ಇಲ್ಲದಂತೆ ಒಣಗಿಸಿರಿ. ಬಿಸಿ ಪಾಕವನ್ನು ಬೆಚ್ಚಗಿನ ಬಾಟಲಿಗೇ ಸುರಿಯಿರಿ. ತಣ್ಣನೆಯ ಗಾಜಿಗೆ ಸುರಿದರೆ ಸೀಳುತ್ತದೆ. ಕೂಲ್‌ಡ್ರಿಂಕ್ಸಿನ ಹಳೆಯ ಪ್ಲಾಸ್ಟಿಕ್ ಬಾಟಲಿಗೆ ಬಿಸಿ ಪಾಕ ಸುರಿಯಲೇಬೇಡಿ.

8. ಬಾಟಲಿಯ ಮೇಲೆ ಚೀಟಿ ಅಂಟಿಸಿ ಮಾಡಿದ ದಿನಾಂಕ ಬರೆಯಿರಿ. ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ತಿಂಗಳು ಬರುತ್ತದೆ. ಒದ್ದೆ ಚಮಚ ಹಾಕಬೇಡಿ.

ಸೋಸಿ ಉಳಿದ ಬಿಲ್ಲೆಗಳನ್ನು ಎಸೆಯಬೇಡಿ. ಅವುಗಳಲ್ಲಿ ಇನ್ನೂ ಖಾರವಿದೆ. ಸಮತೂಕ ಸಕ್ಕರೆ, ಸ್ವಲ್ಪ ನೀರಿನೊಂದಿಗೆ ಪಾಕ ಗಟ್ಟಿಯಾಗುವ ತನಕ ಕುದಿಸಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿ ಒಣಗಿಸಿದರೆ ಮಕ್ಕಳಿಗೆ ಒಳ್ಳೆಯ ಶುಂಠಿ ಮಿಠಾಯಿ.

ಒಂದಕ್ಕೆ ಎರಡು ಏಕೆ?

ಈ 'ಒಂದಕ್ಕೆ ಎರಡು' ಲೆಕ್ಕ ನೋಡಿ. ಅರ್ಧ ಕಿಲೋ ಕಷಾಯ, ಒಂದು ಕಿಲೋ ಸಕ್ಕರೆ, ಒಟ್ಟು ಒಂದೂವರೆ ಕಿಲೋ. ಅದರಲ್ಲಿ ಸಕ್ಕರೆ ಶೇಕಡ ಎಷ್ಟು? ಏಳನೇ ತರಗತಿಯವರು ಹೇಳಿ. 66.7. ಇಷ್ಟು ಸಕ್ಕರೆ ಇರುವಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಸಿಗುವುದಿಲ್ಲ. ಸಕ್ಕರೆಯೇ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ನಮ್ಮ ದೇಶದ ಆಹಾರ ನಿಯಮಗಳು ಸಿರಪ್ಪು, ಶರಬತ್ತುಗಳಲ್ಲಿ ಕರಗಿದ ಘನಾಂಶ ಕನಿಷ್ಠ ಶೇಕಡ 65 ಇರಬೇಕೆನ್ನುತ್ತವೆ.

ಇಲ್ಲಿ ಆ ಮನೆಗೆಲಸದ ಉಳಿದ ಭಾಗ ಹೇಳುತ್ತೇನೆ. ಶುಂಠಿ ಶರಬತ್ತು ಬರೆದು ತಂದಿದ್ದ ಒಬ್ಬ ವಿದ್ಯಾರ್ಥಿನಿಗೆ 'ಅಂದಾಜು' ಬೇಡ, ತೂಕ ಮಾಡಿಕೊಂಡು ಬಾ ಎಂದೆ. ಆಕೆಯ ತಾಯಿ ಐದನೇ ತರಗತಿಗೆ ಶಾಲೆ ಬಿಟ್ಟವರು. 'ಮೇರೆಕು ಕ್ಯಾ ಮಾಲೂಮ್, ಓದಿದವರನ್ನು ಕೇಳು' ಎಂದರಂತೆ. ಆದರೂ ಮಗಳು ಬಿಡಲಿಲ್ಲ. ತಾಯಿ ಎಂದಿನಂತೆ ಒಂದು ಲೋಟ ಕಷಾಯಕ್ಕೆ ಗೋಪುರ ಬರುವಂತೆ ಎರಡು ಲೋಟ ಸಕ್ಕರೆ ಹಾಕಿದರು. ಮಗಳು ಎರಡನ್ನೂ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಳು. ಒಂದಕ್ಕೆ ಎರಡು, ಹೆಚ್ಚು ಕಡಿಮೆ ಇಲ್ಲ. ಸರ್ಕಾರದ ನಿಯಮದಲ್ಲಿರುವ ಅಂಕಿ ಆ ತಾಯಿಯ ಲೋಟದಲ್ಲಿ ವರ್ಷಗಳಿಂದ ಇತ್ತು. ಮಗಳು ಅದನ್ನು ಬರೆದು ತಂದ ಪುಟದ ಮೇಲೆ 'ಕಲಿಸಿದವರು: ಅಮ್ಮಿ' ಎಂದು ಬರೆಸಿದೆ. ಸಭಿಕರೇ, ಓದು ಮನೆಯನ್ನು ಮಕ್ಕಳಿಂದ ದೂರ ಮಾಡಬಾರದು. ಓದು ಎಂದರೆ ಮನೆಯಲ್ಲಿರುವ ವಿದ್ಯೆಯನ್ನು ಗುರುತಿಸುವ ಕಣ್ಣು ಕೂಡ.

ಸಕ್ಕರೆ ಕಡಿಮೆ ಬೇಕೆನ್ನುವವರು ಸಮ ಸಮ ಹಾಕಬಹುದು. ಆದರೆ ಅದು ಫ್ರಿಜ್ಜಿನಲ್ಲೂ ಎರಡು ಮೂರು ವಾರ ಮಾತ್ರ. ಹೊರಗಿಟ್ಟರೆ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸೇರಿ ಸಕ್ಕರೆಯನ್ನು ಮದ್ಯಸಾರ ಮತ್ತು ಅನಿಲವಾಗಿ ಮಾರ್ಪಡಿಸುತ್ತದೆ. ಇಂಗ್ಲಿಷರ ಹಳೆಯ ಕಾಲದ ಜಿಂಜರ್ ಬಿಯರ್ ತಯಾರಾಗುತ್ತಿದ್ದುದೇ ಹೀಗೆ. ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಬಂದರೆ, ನೊರೆ ಎದ್ದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಮತ್ತೆ ಕುದಿಸಿ ಸರಿ ಮಾಡುತ್ತೇನೆ ಎನ್ನಬೇಡಿ. ನಶೆಯ ಪದಾರ್ಥ ನಮ್ಮ ಮನೆಗೆ ಸಲ್ಲದು ಎಂಬುದು ಒಂದು ಮಾತು. ಅನಿಲ ತುಂಬಿದ ಗಾಜಿನ ಬಾಟಲಿ ಸಿಡಿದು ಮಕ್ಕಳಿಗೆ ಗಾಯವಾದೀತು ಎಂಬುದು ಇನ್ನೊಂದು.

ಖಾರದ ಗುಟ್ಟು

ಹಸಿ ಶುಂಠಿಯ ಖಾರಕ್ಕೆ ಮುಖ್ಯ ಕಾರಣ ಜಿಂಜೆರಾಲ್ ಎಂಬ ವಸ್ತು. ಶುಂಠಿ ಒಣಗಿದಾಗ ಅದು ಶೋಗಾಲ್ ಆಗಿ ಮಾರ್ಪಡುತ್ತದೆ, ಇದು ಇನ್ನೂ ಖಾರ. ಜಪಾನಿ ಭಾಷೆಯಲ್ಲಿ ಶುಂಠಿಗೆ 'ಶೋಗಾ' ಎನ್ನುತ್ತಾರೆ, ಹೆಸರು ಅದರಿಂದ ಬಂತು. ನಮ್ಮ ಅಜ್ಜಿಯರು ಕಷಾಯಕ್ಕೆ ಒಣ ಶುಂಠಿಯನ್ನೇ ಹುಡುಕುತ್ತಿದ್ದುದು ಸುಮ್ಮನೆ ಅಲ್ಲ. ಬೇಯಿಸಿದಾಗ ಜಿಂಜೆರಾಲಿನ ಒಂದು ಪಾಲು ಜಿಂಜೆರೋನ್ ಆಗುತ್ತದೆ. ಅದರ ಖಾರ ಮೃದು, ವಾಸನೆ ಸಿಹಿ. ಹಸಿ ಶುಂಠಿಯ ರಸಕ್ಕೂ ಬೇಯಿಸಿದ ಶರಬತ್ತಿಗೂ ಇರುವ ರುಚಿಯ ವ್ಯತ್ಯಾಸ ಇದೇ.

ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಒಡೆಯುವ ಒಂದು ಕಿಣ್ವವೂ ಇದೆ. ಹಸಿ ಶುಂಠಿ ಹಾಕಿದ ಹಾಲು ಒಡೆಯುವುದು ಅದರಿಂದ. ಚೀನಾದಲ್ಲಿ ಬಿಸಿ ಹಾಲಿಗೆ ಶುಂಠಿ ರಸ ಬೆರೆಸಿ ಮೊಸರಿನಂತೆ ಹೆಪ್ಪುಗಟ್ಟುವ ಸಿಹಿಯನ್ನೇ ಮಾಡುತ್ತಾರೆ. ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ. ಅದಕ್ಕೇ ಚಹಾಕ್ಕೆ ಶುಂಠಿಯನ್ನು ನೀರಿನಲ್ಲೇ ಕುದಿಸಿ ಆಮೇಲೆ ಹಾಲು ಹಾಕುವುದು.

ಬಳಸುವ ಬಗೆ

ಒಂದು ಲೋಟ ತಣ್ಣೀರಿಗೆ ಒಂದು ದೊಡ್ಡ ಚಮಚ ಪಾಕ, ಅರ್ಧ ನಿಂಬೆ, ಚಿಟಿಕೆ ಉಪ್ಪು, ನೆನೆಸಿದ ಕಾಮಕಸ್ತೂರಿ ಬೀಜ. ಬೇಸಿಗೆಯಲ್ಲಿ ಇದಕ್ಕಿಂತ ಬೇರೆ ಬೇಕಿಲ್ಲ. ನೀರಿನ ಬದಲು ಸೋಡಾ ಹಾಕಿದರೆ ಮಕ್ಕಳಿಗೆ ಹಬ್ಬ. ಸುಲೇಮಾನಿ ಚಹಾಕ್ಕೆ ಸಕ್ಕರೆಯ ಬದಲು ಇದನ್ನೇ ಹಾಕಿ ನೋಡಿ. ಕಲ್ಲಂಗಡಿ, ಅನಾನಸ್ ರಸಕ್ಕೆ ಒಂದು ಚಮಚ ಬೆರೆಸಿದರೆ ರುಚಿಗೆ ಜೀವ ಬರುತ್ತದೆ. ಹೆಚ್ಚಿದ ಪಪ್ಪಾಯಿ, ಬಾಳೆ, ಸೇಬಿನ ಮೇಲೆ ಹನಿಸಿ ಅರ್ಧ ಗಂಟೆ ಬಿಟ್ಟರೆ ಹಣ್ಣಿನ ರಸಾಯನ ಸಿದ್ಧ. ಫಿರ್ನಿ, ಶಾವಿಗೆ ಪಾಯಸಕ್ಕೆ ಮೇಲಿಂದ ಅರ್ಧ ಚಮಚ ಸಾಕು. ಆದರೆ ಹಾಲಿನ ಪದಾರ್ಥಕ್ಕೆ ನಿಂಬೆ ಹಾಕದ ಪಾಕವನ್ನು ಬೇರೆ ಬಾಟಲಿಯಲ್ಲಿ ಇಟ್ಟುಕೊಳ್ಳಿ, ಇಲ್ಲವಾದರೆ ಹುಳಿಗೆ ಹಾಲು ಒಡೆದೀತು.

ಮಿತಿಯೂ ಹೇಳಬೇಕು. ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಪಾಕದಲ್ಲಿ ಸುಮಾರು 13 ಗ್ರಾಂ ಸಕ್ಕರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ವಯಸ್ಕರು ದಿನಕ್ಕೆ ಸುಮಾರು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಇಂಥ ಸಕ್ಕರೆಯನ್ನು ನಿಲ್ಲಿಸಬೇಕು. ಎರಡು ಚಮಚ ಹಾಕಿದಿರಿ ಎಂದರೆ ಒಂದೇ ಲೋಟದಲ್ಲಿ ಆ 25 ಮುಗಿಯಿತು. ಶಾಲೆಯ ಗೇಟಿನ ಹೊರಗೆ ಸಿಗುವ ಕೋಲಾಗಳಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ, 300 ಮಿ.ಲೀ. ಕುಡಿದರೆ ಲೆಕ್ಕ ನೀವೇ ಹಾಕಿ. ಮನೆಯದು ಎಂದ ಮಾತ್ರಕ್ಕೆ ಸಕ್ಕರೆ ಸಕ್ಕರೆಯಾಗದೆ ಹೋಗುವುದಿಲ್ಲ. ಇಲ್ಲಿನ ಅನುಕೂಲ ಒಂದೇ, ಚಮಚ ನಿಮ್ಮ ಕೈಯಲ್ಲಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಶುಂಠಿ ಬಳಸುವ ಮುನ್ನ ವೈದ್ಯರನ್ನು ಕೇಳಿ. ಗಂಟಲು ಕೆರೆತಕ್ಕೆ ಬಿಸಿ ನೀರಿನಲ್ಲಿ ಒಂದು ಚಮಚ ಹಿತವೆನಿಸುತ್ತದೆ, ಅದರಾಚೆಗೆ ಜ್ವರ, ಉಬ್ಬಸಗಳಿಗೆ ಶರಬತ್ತು ಔಷಧಿಯಲ್ಲ. ಮಗುವನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ.

ಒಂದು ಬಾಟಲಿಯಿಂದ ವಿಶ್ವವಿದ್ಯಾಲಯ

ತಾಯಂದಿರು ಕೇಳಬಹುದು, ಇದರಿಂದ ನಾಲ್ಕು ಕಾಸು ಬಂದೀತೇ ಎಂದು. ಶರಬತ್ತಿನ ದೊಡ್ಡ ಕಥೆಯೊಂದನ್ನು ಕೇಳಿ. ಹಳೆ ದಿಲ್ಲಿಯಲ್ಲಿ ಹಕೀಮ್ ಹಾಫಿಜ್ ಅಬ್ದುಲ್ ಮಜೀದ್ 1906ರಲ್ಲಿ ಹಮ್‌ದರ್ದ್ ಎಂಬ ಯುನಾನಿ ಔಷಧಾಲಯ ತೆರೆದರು. ಮರುವರ್ಷ ಅಲ್ಲಿ ತಯಾರಾದ ಶರಬತ್ತೇ ರೂಹ್ ಅಫ್ಜಾ. 1922ರಲ್ಲಿ ಅವರು ತೀರಿಕೊಂಡಾಗ ಮಕ್ಕಳು ಚಿಕ್ಕವರು. ಆಗ ಆ ಉದ್ಯಮ ಮುಚ್ಚದಂತೆ ಹಿಡಿದು ನಿಲ್ಲಿಸಿದವರು ಅವರ ಪತ್ನಿ ರಾಬಿಯಾ ಬೇಗಂ. ಮಗ ಹಕೀಮ್ ಅಬ್ದುಲ್ ಹಮೀದ್ 1948ರಲ್ಲಿ ಹಮ್‌ದರ್ದನ್ನು ವಕ್ಫ್ ಮಾಡಿ, ಲಾಭವನ್ನು ಸಮಾಜದ ಕೆಲಸಕ್ಕೆ ಮೀಸಲಿಟ್ಟರು. ದಿಲ್ಲಿಯಲ್ಲಿ 1989ರಲ್ಲಿ ಆರಂಭವಾದ ಜಾಮಿಯಾ ಹಮ್‌ದರ್ದ್ ವಿಶ್ವವಿದ್ಯಾಲಯ ಅದರ ಫಲ. ಒಬ್ಬ ವಿಧವೆ ತಾಯಿ ಅಂದು ಸೋತು ಕೂತಿದ್ದರೆ ಆ ವಿಶ್ವವಿದ್ಯಾಲಯ ಎಲ್ಲಿರುತ್ತಿತ್ತು?

ನಾವು ಅಷ್ಟು ದೊಡ್ಡದನ್ನು ಯೋಚಿಸಬೇಕಿಲ್ಲ. ಹತ್ತು ಬಾಟಲಿ ಮಾರಿದರೂ ಮೂರು ನಿಯಮ ಪಾಲಿಸಿ. ಒಂದು, 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಿ. ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು. ಎರಡು, ಚೀಟಿಯಲ್ಲಿ ನಿಜ ಬರೆಯಿರಿ: ಏನೇನು ಹಾಕಿದೆ, ಎಷ್ಟಿದೆ, ಎಂದು ಮಾಡಿದ್ದು, ಎಂದಿನವರೆಗೆ ಬಳಸಬಹುದು. ಕೆಮ್ಮು ಗುಣ, ಹೊಟ್ಟೆನೋವು ಮಾಯ ಎಂದು ಬರೆಯಬೇಡಿ, ಅದು ಕಾನೂನಿಗೂ ವಿರುದ್ಧ, ಆತ್ಮಸಾಕ್ಷಿಗೂ ವಿರುದ್ಧ. ಮೂರು, ಲೆಕ್ಕ ಬರೆಯಿರಿ. ಶುಂಠಿ, ಸಕ್ಕರೆ, ನಿಂಬೆ, ಗ್ಯಾಸು, ಬಾಟಲಿ ಎಲ್ಲ ಬರೆದು, ಕೊನೆಗೆ ನಿಮ್ಮ ಎರಡು ಗಂಟೆಯ ಕೂಲಿಯನ್ನೂ ಬರೆಯಿರಿ. ನಮ್ಮ ಹೆಣ್ಣುಮಕ್ಕಳು ಎಲ್ಲದಕ್ಕೂ ಬೆಲೆ ಕಟ್ಟುತ್ತಾರೆ, ತಮ್ಮ ದುಡಿಮೆಯೊಂದನ್ನು ಬಿಟ್ಟು. ಅಬ್ಬಾ ಅಂಗಡಿಯಲ್ಲಿ ಕೂತರೆ ಅದು ಕೆಲಸ, ಅಮ್ಮಿ ಒಲೆಯ ಮುಂದೆ ನಿಂತರೆ ಅದು ಕೆಲಸವಲ್ಲವೇ?

ವಿದ್ಯಾರ್ಥಿಗಳೇ, ನಿಮಗೆ ಈ ರಜೆಯ ಮನೆಗೆಲಸ ಇದೇ. ಶುಂಠಿ ಶರಬತ್ತನ್ನೇ ಮಾಡಬೇಕೆಂದಿಲ್ಲ. ಮನೆಯಲ್ಲಿ ಅಂದಾಜಿನಿಂದ ಆಗುತ್ತಿರುವ ಯಾವುದಾದರೂ ಒಂದು ಕೆಲಸ ಆರಿಸಿಕೊಳ್ಳಿ. ಅಮ್ಮಿಯ ಪಕ್ಕ ನಿಂತು, ತೂಗಿ, ಅಳೆದು, ಹೊತ್ತು ನೋಡಿ ಬರೆಯಿರಿ. ಕನ್ನಡದಲ್ಲಿ ಒಂದು ಪ್ರತಿ, ಉರ್ದುವಿನಲ್ಲಿ ಒಂದು ಪ್ರತಿ. ಗಂಡುಮಕ್ಕಳಿಗೂ ಇದು ಅನ್ವಯಿಸುತ್ತದೆ, ಹಿಂದಿನ ಬೆಂಚಿನವರು ನಗುವುದು ಬೇಡ. ಪುಟದ ಕೊನೆಯಲ್ಲಿ ಕಲಿಸಿದವರ ಹೆಸರು ಬರೆಯಲು ಮರೆಯಬೇಡಿ. ಶಾಲೆ ತೆರೆದ ಮೊದಲ ವಾರ ಆ ಪುಟಗಳನ್ನೆಲ್ಲ ಹೊಲಿದು ಒಂದು ಪುಸ್ತಕ ಮಾಡಿ ಶಾಲೆಯ ಗ್ರಂಥಾಲಯದಲ್ಲಿ ಇಡೋಣ. ಅಕ್ಷರ ಬಾರದ ತಾಯಿಯೂ ಒಂದು ಪುಸ್ತಕದ ಲೇಖಕಿಯಾಗುವ ದಿನ ಅದು.